ಸುರಂಜನ್ ದಾಸ್ ರಸ್ತೆ: ಈ ಸುರಂಜನ್ ದಾಸ್ ಯಾರು?

ತಿಪ್ಪಸಂದ್ರದವಳು:

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷದಿಂದ ನ್ಯೂ ತಿಪ್ಪಸಂದ್ರದಲ್ಲಿದ್ದೇನೆ. ದಿನಾ ಎರಡು ಸಲ ಸುರಂಜನ್ ದಾಸ್ ರಸ್ತೆಯಲ್ಲೇ ಓಡಾಟ. ಮೊನ್ನೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಆರನೇ ಕ್ಲಾಸಿನ ಮಗಳು ಬೋರ್ಡ್ ಓದಿ, "ಅಮ್ಮಾ, ಇವರು ಯಾರು?" ಅಂದಳು. ನನಗೆ ಗೊತ್ತಿರಲಿಲ್ಲ. ಯಾರೋ ಮಂತ್ರಿ ಇರಬೇಕು ಅಂತ ಹೇಳಲು ಬಾಯಿ ತೆರೆದೆ, ಆಮೇಲೆ ಸುಮ್ಮನಾದೆ. ಗೊತ್ತಿಲ್ಲದೆ ಹೇಳುವುದು ತಪ್ಪಲ್ವಾ? ಇಲ್ಲಿ ಹಳೆಯ ಬೆಂಗಳೂರಿನವರು ತುಂಬಾ ಜನ ಇದ್ದೀರಿ. ದಯವಿಟ್ಟು ತಿಳಿಸಿ. ಮಗಳಿಗೆ ಓದಿ ಹೇಳುತ್ತೇನೆ.

ವಿಮಾನಪುರದ_ಹಳಬ:

ಒಳ್ಳೆ ಪ್ರಶ್ನೆ ಕೇಳಿದ್ದಾಳೆ ತಾಯಿ ನಿಮ್ಮ ಮಗಳು. ಅವರು ಪೈಲಟ್. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. ತಂದೆ ಎಸ್. ಆರ್. ದಾಸ್, ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಮಗ ಆರಿಸಿಕೊಂಡಿದ್ದು ಟೆಸ್ಟ್ ಪೈಲಟ್ ಕೆಲಸ. ಹೊಸದಾಗಿ ಕಟ್ಟಿದ ವಿಮಾನ ಹಾರುತ್ತದೋ ಇಲ್ಲವೋ ಅಂತ ಮೊದಲ ಸಲ ಹಾರಿಸಿ ನೋಡುವವರು ಇವರು.

1961ರ ಜೂನ್ 17ರಂದು ನಮ್ಮ ಎಚ್‌ಎಎಲ್ ವಿಮಾನ ಕಾರ್ಖಾನೆಯ ರನ್‌ವೇಯಿಂದ ಎಚ್‌ಎಫ್-24 ಮರುತ್ ಮೊದಲ ಸಲ ಮೇಲೆದ್ದಿತು. ಅದನ್ನು ಹಾರಿಸಿದವರು ದಾಸ್. ಭಾರತದಲ್ಲೇ ವಿನ್ಯಾಸ ಮಾಡಿ ಭಾರತದಲ್ಲೇ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ ಅದು. 1964ರಲ್ಲಿ ಕಿರಣ್ ತರಬೇತಿ ವಿಮಾನವನ್ನು ಮೊದಲು ಹಾರಿಸಿದ್ದೂ ಅವರೇ. 1970ರ ಜನವರಿ 10ರಂದು ಇಲ್ಲೇ, ಬೆಂಗಳೂರಿನಲ್ಲಿ, ಮರುತ್‌ನ ಹೊಸ ಮಾದರಿಯೊಂದನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡರು. ರಸ್ತೆಗೆ ಹೆಸರು ಬಂದಿದ್ದು ಹಾಗೆ.

ನಮ್ಮಪ್ಪ ಆಗ ಫ್ಯಾಕ್ಟರಿಯಲ್ಲಿ ಮರಗೆಲಸದವರು. ನಾನು ಚಿಕ್ಕ ಹುಡುಗ. ಅಪ್ಪ ಯಾವತ್ತೂ ಹೆಸರು ಹಿಡಿದು ಹೇಳುತ್ತಿರಲಿಲ್ಲ, "ದಾಸ್ ಸಾಹೇಬರು" ಅನ್ನುತ್ತಿದ್ದರು. ಅವರು ಹೋದ ದಿನ ಅಪ್ಪ ಊಟ ಮಾಡಲಿಲ್ಲ.

ತಿಪ್ಪಸಂದ್ರದವಳು:

ಓದಿ ಮೈ ಜುಂ ಅಂತು ಸರ್. ಇಷ್ಟು ವರ್ಷ ಆ ಬೋರ್ಡ್ ಕೆಳಗೇ ಓಡಾಡಿದ್ದೇನೆ. ಒಂದು ಸಂದೇಹ. ಯುದ್ಧವಿಮಾನದ ಫ್ಯಾಕ್ಟರಿಯಲ್ಲಿ ಮರಗೆಲಸದವರಿಗೆ ಏನು ಕೆಲಸ?

ವಿಮಾನಪುರದ_ಹಳಬ:

ತುಂಬಾ ಕೆಲಸ ಇತ್ತು ತಾಯಿ. ಮರುತ್ ಮೊದಲು ಹಾರಿದ್ದೇ ಮರದ ವಿಮಾನವಾಗಿ. ಲೋಹದ್ದನ್ನು ಕಟ್ಟುವ ಮೊದಲು ಅದೇ ಅಳತೆಯ, ಅದೇ ಆಕಾರದ ಒಂದು ಗ್ಲೈಡರನ್ನು ಮರದಲ್ಲಿ ಮಾಡಿದರು. ಎಂಜಿನ್ ಇಲ್ಲ. 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ, ಮೇಲೆ ಬಿಟ್ಟುಬಿಡುತ್ತಿದ್ದರು. ಪೈಲಟ್ ಅದನ್ನು ತೇಲಿಸಿಕೊಂಡು ಇಳಿಸಬೇಕು. ಅಪ್ಪನ ಅಂಗೈಯಲ್ಲಿ ಒಂದು ಗಾಯದ ಗುರುತಿತ್ತು. ಆ ಗ್ಲೈಡರಿನ ರೆಕ್ಕೆಯ ಕೆಲಸದಲ್ಲಿ ಉಳಿ ಜಾರಿ ಆಗಿದ್ದು ಅನ್ನುತ್ತಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರು.

ಎಂಜಿನ್_ಮೇಷ್ಟ್ರು:

ಹಳಬರೇ, ನೀವು ಬರೆದ ಮೇಲೆ ನನಗೂ ಸುಮ್ಮನಿರಲು ಆಗಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವನು ನಾನು. ಪ್ರತಿ ವರ್ಷ ಒಂದು ಪೀರಿಯಡ್ ಮರುತ್‌ಗೆ ಮೀಸಲಿಡುತ್ತಿದ್ದೆ.

ಆಗಿನ ಎಚ್‌ಎಎಲ್ ಎಷ್ಟು ಎಳೆಯದು ಅನ್ನುವುದನ್ನು ಮೊದಲು ನೋಡಬೇಕು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಶುರು ಮಾಡಿದ ಕಂಪನಿ. ಎರಡನೇ ಮಹಾಯುದ್ಧದಲ್ಲಿ ಅದು ಅಮೆರಿಕದ ಸೇನೆಗೆ ವಿಮಾನ ರಿಪೇರಿ ಮಾಡುವ ಡಿಪೋ ಆಯಿತು. ಆಗ ಕ್ಯಾಟಲೀನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ಬರುತ್ತಿದ್ದವು. ಅವು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ! ಈಗ ಆ ಕೆರೆಯಲ್ಲಿ ನೊರೆ ಎದ್ದಾಗಲೆಲ್ಲ ನನಗೆ ಇದೇ ನೆನಪಾಗಿ ಸಂಕಟವಾಗುತ್ತದೆ.

ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ 1942ರ ಕೊನೆಯಲ್ಲಿ ವಿಮಾನಶಾಸ್ತ್ರ ವಿಭಾಗ ಶುರುವಾಯಿತು. ಅದರ ಮೊದಲ ಮುಖ್ಯಸ್ಥರು ವಿ. ಎಂ. ಘಾಟಗೆ. ಮುಂದೆ ಅವರು ಎಚ್‌ಎಎಲ್‌ಗೆ ಬಂದು ಎಚ್‌ಟಿ-2 ತರಬೇತಿ ವಿಮಾನ ಮಾಡಿದರು. ಅದು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಮುಂದೆ ಒಂದು ಫ್ಯಾನ್ ಇರುವ ಪುಟ್ಟ ವಿಮಾನ. ಅದಾದ ಹತ್ತೇ ವರ್ಷಕ್ಕೆ ಮರುತ್! ಸೈಕಲ್ ಕಲಿತವನು ನೇರವಾಗಿ ರೇಸಿಗೆ ಇಳಿದ ಹಾಗೆ.

ಅದಕ್ಕಾಗಿ ಕರೆಸಿದ್ದು ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು. ಯುದ್ಧಕಾಲದ ಫೋಕೆ-ವುಲ್ಫ್ 190 ಅವರ ವಿನ್ಯಾಸ. ಯುದ್ಧ ಮುಗಿದ ಮೇಲೆ ಬೇರೆ ಹೆಸರಿನ ಪಾಸ್‌ಪೋರ್ಟ್‌ನಲ್ಲಿ ಅರ್ಜೆಂಟೀನಾಕ್ಕೆ ಹೋದರು. ಅಲ್ಲಿ ಪುಲ್ಕಿ-2 ಅನ್ನುವ ಜೆಟ್ ಮಾಡಿದರು. 1955ರಲ್ಲಿ ಅಲ್ಲಿನ ಪೆರೋನ್ ಸರ್ಕಾರ ಬಿದ್ದಾಗ ಆ ತಂಡ ಚದುರಿತು. 1956ರ ಆಗಸ್ಟ್‌ನಲ್ಲಿ ಟ್ಯಾಂಕ್ ಬೆಂಗಳೂರಿಗೆ ಬಂದರು. ಜೊತೆಗೆ ಮಿಟ್ಟೆಲ್‌ಹುಬರ್ ಮತ್ತು ಇನ್ನೂ ಕೆಲವು ಜರ್ಮನ್ ಎಂಜಿನಿಯರುಗಳು.

ಸಾಗರದ_ಓದುಗ:

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟ್ಯಾಂಕ್ ನಾಜಿ ಜರ್ಮನಿಗೆ ವಿಮಾನ ಮಾಡಿಕೊಟ್ಟವರು. ಆ ವಿಷಯವನ್ನು ಒಂದೇ ಸಾಲಿನಲ್ಲಿ ದಾಟಿಬಿಡಬಾರದು. ಎರಡನೆಯದು, ಮರುತ್ ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗಬೇಕು ಅಂತ ಹಾಕಿದ ಯೋಜನೆ. ಶಬ್ದದ ವೇಗ ಮುಟ್ಟುವುದಕ್ಕೇ ಅದು ಏದುಸಿರು ಬಿಡುತ್ತಿತ್ತು. 147 ವಿಮಾನ ಮಾಡಿ ನಿಲ್ಲಿಸಿದರು. 1990ರ ಹೊತ್ತಿಗೆ ಎಲ್ಲ ಮೂಲೆ ಸೇರಿದವು. ದಾಸ್ ಅವರ ಬಗ್ಗೆ ಗೌರವ ಇದೆ. ಆದರೆ ಸೋತಿದ್ದನ್ನು ಸೋತಿದೆ ಅಂತಲೇ ಮಕ್ಕಳಿಗೆ ಹೇಳಬೇಕಲ್ವಾ?

ಎಂಜಿನ್_ಮೇಷ್ಟ್ರು:

ಬೇಜಾರು ಏನೂ ಇಲ್ಲ. ಟ್ಯಾಂಕ್ ಬಗ್ಗೆ ನೀವು ಹೇಳಿದ್ದು ಸರಿ. ನಾನು ಮಕ್ಕಳಿಗೆ ಅದನ್ನೂ ಹೇಳುತ್ತಿದ್ದೆ. ಯುದ್ಧದ ನಂತರ ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್ ಎಲ್ಲವೂ ಜರ್ಮನ್ ಎಂಜಿನಿಯರುಗಳನ್ನು ಹಂಚಿಕೊಂಡವು. ನಾವೂ ಆ ಸಾಲಿನಲ್ಲಿ ನಿಂತೆವು. ಅದು ಹೆಮ್ಮೆ ಪಡುವ ಮಾತಲ್ಲ.

ವೇಗದ ವಿಷಯಕ್ಕೆ ಬರೋಣ. ಅಂಕಿಗಳು ಸರಿ. ಆದರೆ ಸೋತಿದ್ದು ಯಾವುದು ಅನ್ನುವುದನ್ನು ಬಿಡಿಸಿ ನೋಡಬೇಕು. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮರುತ್ ಫೋಟೋ ಸಿಕ್ಕರೆ ಮೇಲಿನಿಂದ ನೋಡಿ. ರೆಕ್ಕೆ ಸೇರುವ ಜಾಗದಲ್ಲಿ ಮೈ ಒಳಗೆ ಹೋಗಿದೆ. ಸೊಂಟ ಇದ್ದ ಹಾಗೆ. ಸುಮ್ನೆ ಚೆಂದಕ್ಕೆ ಮಾಡಿದ್ದಲ್ಲ. ವಿಮಾನ ಶಬ್ದದ ವೇಗದ ಹತ್ತಿರ ಹೋದಾಗ ಗಾಳಿ ಒಮ್ಮೆಲೆ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ವಿಮಾನವನ್ನು ಮೂಗಿನಿಂದ ಬಾಲದವರೆಗೆ ಸೌತೆಕಾಯಿ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದಿರಿ ಅಂತ ಇಟ್ಟುಕೊಳ್ಳಿ. ಒಂದು ಬಿಲ್ಲೆಗೂ ಮುಂದಿನದಕ್ಕೂ ಗಾತ್ರ ಥಟ್ಟನೆ ಬದಲಾಗಬಾರದು. ರೆಕ್ಕೆ ಶುರುವಾಗುವಲ್ಲಿ ಗಾತ್ರ ಹೆಚ್ಚುತ್ತದೆ ತಾನೇ? ಅದಕ್ಕೇ ಅಲ್ಲಿ ಮೈಯನ್ನು ಸಣ್ಣ ಮಾಡುತ್ತಾರೆ. ಅಮೆರಿಕದ ರಿಚರ್ಡ್ ವಿಟ್‌ಕೂಂಬ್ ಈ ಲೆಕ್ಕ ತೋರಿಸಿಕೊಟ್ಟಿದ್ದು 1950ರ ದಶಕದ ಶುರುವಿನಲ್ಲಿ. ಆಗಷ್ಟೇ ಹುಟ್ಟಿದ ಜ್ಞಾನ ಅದು, ಅಷ್ಟು ಬೇಗ ಬೆಂಗಳೂರಿನಲ್ಲಿ ಲೋಹಕ್ಕೆ ಇಳಿದಿತ್ತು. ಅಂದರೆ ಮೈ ವೇಗಕ್ಕೆ ಸಿದ್ಧವಾಗಿತ್ತು.

ಸಿದ್ಧವಾಗದೆ ಇದ್ದದ್ದು ಎಂಜಿನ್. ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನ ಬ್ರಿಸ್ಟಲ್ ಆರ್ಫಿಯಸ್ 12 ಎಂಜಿನ್ ನಂಬಿಕೊಂಡು. ಅದರಲ್ಲಿ ಆಫ್ಟರ್‌ಬರ್ನರ್ ಇತ್ತು. ಎಂಜಿನ್ನಿನಿಂದ ಹೊರಬರುವ ಬಿಸಿಗಾಳಿಗೆ ಹಿಂದಿನ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಸುರಿದು ಉರಿಸುವುದು ಅಂದರೆ ಆಫ್ಟರ್‌ಬರ್ನರ್. ಒಂದೊಂದು ಎಂಜಿನ್ ಸುಮಾರು 3,700 ಕಿಲೋ ತಳ್ಳುತ್ತಿತ್ತು. ಅದನ್ನು ಮುಂದುವರಿಸಲು ಬ್ರಿಟನ್ ಹಣ ಕೊಡಲಿಲ್ಲ. ನಮ್ಮ ಸರ್ಕಾರವೂ ಆ ಖರ್ಚು ಹೊರಲು ಒಪ್ಪಲಿಲ್ಲ. ಎಂಜಿನ್ ಅಲ್ಲಿಗೇ ನಿಂತಿತು.

ಕೊನೆಗೆ ಮರುತ್‌ಗೆ ಸಿಕ್ಕಿದ್ದು ಆರ್ಫಿಯಸ್ 703. ಆಫ್ಟರ್‌ಬರ್ನರ್ ಇಲ್ಲ. ಒಂದಕ್ಕೆ ಸುಮಾರು 2,200 ಕಿಲೋ ತಳ್ಳುವ ಶಕ್ತಿ. ಪುಟಾಣಿ ನ್ಯಾಟ್ ವಿಮಾನಕ್ಕೆ ಅಂತ ಇಲ್ಲಿ ಲೈಸೆನ್ಸ್ ಪಡೆದು ಮಾಡುತ್ತಿದ್ದ ಎಂಜಿನ್ ಕುಟುಂಬದ್ದೇ. ಆರು ಅಡಿ ಪೈಲ್ವಾನನಿಗೆ ಅರ್ಧ ಊಟ ಹಾಕಿ ಕುಸ್ತಿಗೆ ಕಳಿಸಿದ ಹಾಗಾಯಿತು. ಸೋತಿದ್ದು ಪೈಲ್ವಾನನಾ?

ವಿಮಾನಪುರದ_ಹಳಬ:

ಮೇಷ್ಟ್ರೇ, ನಾನು ಎಂಜಿನ್ ವಿಭಾಗದಲ್ಲೇ ಫಿಟ್ಟರ್ ಆಗಿದ್ದವನು. ಆರ್ಫಿಯಸ್ ಬಿಚ್ಚಿ ಜೋಡಿಸಿದ್ದೇನೆ. ಒಳ್ಳೆ ಎಂಜಿನ್. ಹಠ ಮಾಡುತ್ತಿರಲಿಲ್ಲ, ಸುಲಭವಾಗಿ ಕೈಗೆ ಬರುತ್ತಿತ್ತು. ಕೊಟ್ಟ ಕೆಲಸ ಅದರ ತಾಕತ್ತಿಗೆ ಮೀರಿದ್ದು, ಅಷ್ಟೇ.

ದಾಸ್ ಸಾಹೇಬರ ಸಾವಿಗೂ ಇದಕ್ಕೂ ಸಂಬಂಧ ಇದೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಜಿಟಿಆರ್‌ಇ ಅಂತೀವಲ್ಲ, ಅವರು ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಜೋಡಿಸಿದರು. ಇನ್ನೊಬ್ಬರು ಕೊಡದಿದ್ದರೆ ಏನಂತೆ, ನಾವೇ ಮಾಡೋಣ ಅನ್ನುವ ಪ್ರಯತ್ನ. ಅದನ್ನು ಹಾಕಿದ ಮಾದರಿಯೇ ಅವತ್ತು ಅವರು ಹಾರಿಸಿದ್ದು. ಮರುತ್‌ಗೆ ಎಂಜಿನ್ ಬಲ ತುಂಬುವ ಕೆಲಸದಲ್ಲೇ ಅವರ ಜೀವ ಹೋಯಿತು. ಅದಕ್ಕೇ ಯಾರಾದರೂ ಈ ವಿಮಾನವನ್ನು ಹಗುರವಾಗಿ ಮಾತಾಡಿದರೆ ನನಗೆ ತಡೆಯಲು ಆಗುವುದಿಲ್ಲ.

ಸಾಗರದ_ಓದುಗ:

ಇದು ನನಗೆ ಗೊತ್ತಿರಲಿಲ್ಲ ಸರ್. ಕ್ಷಮಿಸಿ. ಹಗುರವಾಗಿ ಮಾತಾಡುವ ಉದ್ದೇಶ ಇರಲಿಲ್ಲ. ಮುಂದೆ ಹೇಳಿ, ಕೇಳುತ್ತೇನೆ.

ಮ್ಯೂನಿಕ್_ಕನ್ನಡಿಗ:

ನಮಸ್ಕಾರ. ನಾನು ದಾವಣಗೆರೆಯವನು, ಈಗ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿಂದ ಸ್ವಲ್ಪ ದೂರದ ಶ್ಲೈಸ್‌ಹೈಮ್ ಅನ್ನುವಲ್ಲಿ ಹಳೆಯ ವಿಮಾನ ನಿಲ್ದಾಣ ಇದೆ. ಅದು ಈಗ ಜರ್ಮನ್ ಮ್ಯೂಸಿಯಂನ ಭಾಗ. ಹೋದ ಚಳಿಗಾಲದಲ್ಲಿ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ನಡೆಯುತ್ತಿದ್ದಾಗ ಒಂದು ವಿಮಾನದ ಮೇಲೆ ನಮ್ಮ ವಾಯುಪಡೆಯ ಗುರುತು ಕಂಡಿತು. ಹತ್ತಿರ ಹೋದೆ. ಮರುತ್! ಬೆಂಗಳೂರಿನಲ್ಲಿ ಕಟ್ಟಿದ್ದು ಜರ್ಮನಿಯಲ್ಲಿ ನಿಂತಿದೆ. ಟ್ಯಾಂಕ್ ಅವರ ಕೆಲಸ ಅಂತ ಇಟ್ಟುಕೊಂಡಿದ್ದಾರೆ. ಅವರು 1967ರ ಸುಮಾರಿಗೆ ಭಾರತ ಬಿಟ್ಟು ಹಿಂತಿರುಗಿದರು, 1983ರಲ್ಲಿ ಇದೇ ಮ್ಯೂನಿಕ್‌ನಲ್ಲಿ ತೀರಿಕೊಂಡರು.

ಪರದೇಶದಲ್ಲಿ ಊರಿನವರು ಸಿಕ್ಕಿದ ಹಾಗೆ ಆಯಿತು ನನಗೆ. ಇನ್ನೊಬ್ಬರು ಬಂದು ಕರೆಯುವ ತನಕ ಅಲ್ಲೇ ನಿಂತಿದ್ದೆ. ಹಳಬರೇ, ನಿಮ್ಮ ತಂದೆಯವರ ವಿಷಯ ಮೊದಲೇ ಗೊತ್ತಿದ್ದರೆ ಇನ್ನೂ ಬೇರೆ ಥರ ನೋಡುತ್ತಿದ್ದೆ.

ಹೆಸರಿನ ಬಗ್ಗೆ ಒಂದು ಮಾತು. ಮರುತ್ ಅಂದರೆ ಗಾಳಿ. ನಮ್ಮ ಮಾರುತ, ಮಾರುತಿ ಎಲ್ಲ ಅಲ್ಲಿಂದಲೇ ಬಂದದ್ದು. ಎಚ್‌ಎಫ್ ಅಂದರೆ ಹಿಂದುಸ್ತಾನ್ ಫೈಟರ್.

ಎಂಜಿನ್_ಮೇಷ್ಟ್ರು:

ಜರ್ಮನಿ ಅಂದಾಗ ಈಜಿಪ್ಟ್ ಕಥೆ ನೆನಪಾಯಿತು. ಇದನ್ನು ಕೇಳಿದವರು ಕಡಿಮೆ.

ಆ ಕಾಲದಲ್ಲೇ ಈಜಿಪ್ಟ್ ಕೂಡ ಒಂದು ಯುದ್ಧವಿಮಾನ ಮಾಡಲು ಹೊರಟಿತ್ತು. ಹೆಲ್ವಾನ್ ಎಚ್‌ಎ-300. ಅದನ್ನು ವಿನ್ಯಾಸ ಮಾಡಿದವರು ಇನ್ನೊಬ್ಬ ಜರ್ಮನ್, ವಿಲ್ಲಿ ಮೆಸರ್‌ಶ್ಮಿಟ್. ಅದಕ್ಕೆ ಎಂಜಿನ್ ಮಾಡುತ್ತಿದ್ದವರು ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್. ಎಂಜಿನ್ ಹೆಸರು ಇ-300. ನಮ್ಮ ಹತ್ತಿರ ವಿಮಾನ ಇದೆ, ಎಂಜಿನ್ ಇಲ್ಲ. ಅವರ ಹತ್ತಿರ ಎಂಜಿನ್ ತಯಾರಾಗುತ್ತಿದೆ. ಇಬ್ಬರೂ ಕೈ ಜೋಡಿಸಿದರು. ಒಂದು ಮರುತ್ ಈಜಿಪ್ಟಿಗೆ ಹೋಯಿತು. ಒಂದು ಕಡೆ ಆರ್ಫಿಯಸ್, ಇನ್ನೊಂದು ಕಡೆ ಇ-300 ಹಾಕಿ 1967ರಲ್ಲಿ ಹಾರಿಸಿದರು. ಅದಕ್ಕೂ ಮೊದಲು, 1964ರ ಮಾರ್ಚ್‌ನಲ್ಲಿ, ಈಜಿಪ್ಟಿನ ಆ ಎಚ್‌ಎ-300 ವಿಮಾನವನ್ನು ಮೊದಲ ಸಲ ಮೇಲೆತ್ತಿದವರು ಯಾರು ಗೊತ್ತಾ? ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ.

1967ರಲ್ಲೇ ಈಜಿಪ್ಟ್ ಇಸ್ರೇಲ್ ವಿರುದ್ಧದ ಯುದ್ಧದಲ್ಲಿ ಸೋತಿತು. 1969ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಎಂಜಿನ್ ಮತ್ತೆ ಕೈತಪ್ಪಿತು. ಆ ಎಚ್‌ಎ-300 ಕೂಡ ಈಗ ಮ್ಯೂನಿಕ್‌ನವರು ಹೇಳಿದ ಅದೇ ಮ್ಯೂಸಿಯಂನವರ ಬಳಿ ಇದೆ. ನಡುವೆ ರಷ್ಯಾದ ಎಂಜಿನ್ನನ್ನೂ ನೋಡಿದ್ದರು, ಅದೂ ಹೊಂದಲಿಲ್ಲ.

ಮರಳುಗಾಡು_71:

ನಾನು ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದವನು. ಪೈಲಟ್ ಅಲ್ಲ, ನೆಲದ ಮೇಲಿನವನು. ಬೆಳಗಾವಿ ಕಡೆಯವನು. ಮರುತ್ ಸೋತಿತೋ ಗೆದ್ದಿತೋ ಅನ್ನುವ ಚರ್ಚೆಯಲ್ಲಿ 1971 ಬರದೆ ಹೇಗೆ ಮುಗಿಯುತ್ತದೆ?

ಮರುತ್ ಇಟ್ಟುಕೊಂಡ ಮೊದಲ ಸ್ಕ್ವಾಡ್ರನ್ 10ನೆಯದು, 1967ರಲ್ಲಿ. ಆಮೇಲೆ 220. ಯುದ್ಧದಲ್ಲಿ ಇವೆರಡೂ ರಾಜಸ್ಥಾನದ ಕಡೆ ಇದ್ದವು. ಜೋಧ್‌ಪುರ, ಉತ್ತರ್‌ಲಾಯ್. ಡಿಸೆಂಬರ್ ಚಳಿ. ಬೆಳಗಿನ ಜಾವ ವಿಮಾನದ ಮೈ ಮುಟ್ಟಿದರೆ ಬೆರಳು ಸೇದಿಹೋಗುತ್ತಿತ್ತು. ಬಿಸಿಲು ಏರಿದ ಮೇಲೆ ಮರಳು ಎಲ್ಲ ಸಂದಿಯಲ್ಲೂ. ವಿಮಾನ ಬಂದು ನಿಲ್ಲುತ್ತಿದ್ದ ಹಾಗೆ ಓಡುತ್ತಿದ್ದೆವು. ಇಂಧನ, ಗುಂಡು, ರಾಕೆಟ್ ತುಂಬಿ ಮತ್ತೆ ಕಳಿಸುವುದು. ಮರುತ್ ಹೊಟ್ಟೆಯಲ್ಲಿ 50 ರಾಕೆಟ್ ಹಿಡಿಸುವ ಒಂದು ಪೆಟ್ಟಿಗೆ ಇತ್ತು. ಹಾರಿಸುವಾಗ ಮಾತ್ರ ಕೆಳಗೆ ಇಳಿಯುತ್ತಿತ್ತು. ಮೂಗಿನಲ್ಲಿ 30 ಮಿ.ಮೀ. ಫಿರಂಗಿ ನಾಲ್ಕು. ನಾಲ್ಕನ್ನೂ ಒಟ್ಟಿಗೆ ಹಾರಿಸಿದರೆ ಅದುರಾಟ ಜಾಸ್ತಿಯಾಗಿ ತೊಂದರೆ ಕೊಡುತ್ತಿತ್ತು, ಅದು ನಿಜ.

ಕೆಲಸ ಏನು ಅಂದರೆ ಗಡಿಯಾಚೆ ಸಿಂಧ್ ಕಡೆಯ ರೈಲು, ಇಂಧನ ಡಿಪೋ, ಟ್ಯಾಂಕ್, ಸೇನೆಯ ಲಾರಿಗಳನ್ನು ಹೊಡೆಯುವುದು. ನೆಲಕ್ಕೆ ತಾಗುವಷ್ಟು ಕೆಳಗೆ, ಜೋರಾಗಿ ಹೋಗಿ ಬರಬೇಕು. ಆ ಎತ್ತರದಲ್ಲಿ ಮರುತ್ ಬಂಡೆಯ ಹಾಗೆ ಅಲುಗಾಡದೆ ಹೋಗುತ್ತದೆ ಅಂತ ಪೈಲಟ್‌ಗಳು ಹೇಳುತ್ತಿದ್ದರು. ಇಡೀ ಯುದ್ಧದಲ್ಲಿ ಗಾಳಿಯಲ್ಲಿನ ಕಾಳಗದಲ್ಲಿ ಒಂದೇ ಒಂದು ಮರುತ್ ಬೀಳಲಿಲ್ಲ. ನೆಲದಿಂದ ಹಾರಿಸಿದ ಗುಂಡಿಗೆ ಕೆಲವನ್ನು ಕಳೆದುಕೊಂಡೆವು. ಪೈಲಟ್‌ಗಳಿಗೆ ವೀರ ಚಕ್ರ ಬಂದವು.

ಎರಡು ಎಂಜಿನ್ ಇದ್ದದ್ದು ಎಷ್ಟು ಜನರನ್ನು ಮನೆಗೆ ತಂದಿತು ಅನ್ನುವುದು ನಮಗೆ ಗೊತ್ತು. ಗುಂಡು ತಗುಲಿ ಒಂದು ಎಂಜಿನ್ ಹೋದರೂ ಇನ್ನೊಂದರಲ್ಲೇ ವಾಪಸ್ ಬಂದ ಮರುತ್‌ಗಳು ಇವೆ. ಕನಿಷ್ಠ ಮೂರು ಸಲ ಹಾಗೆ ಆಗಿದೆ. ಈ ತಂಡದಲ್ಲಿ ಯಾರೋ 'ಅರ್ಧ ಊಟ ಹಾಕಿದ ಪೈಲ್ವಾನ' ಅಂದಿದ್ದೀರಿ. ಕಾಲು ಊಟದಲ್ಲೂ ಅವನು ಹೊತ್ತುಕೊಂಡು ಬಂದಿದ್ದಾನೆ ಸ್ವಾಮಿ.

ಸಾಗರದ_ಓದುಗ:

ನಿಮಗೆ ಕೈ ಮುಗಿಯುತ್ತೇನೆ ಸರ್. ಮರುತ್ ಬಗ್ಗೆ 'ಸೋತಿತು' ಅನ್ನುವ ಪದ ವಾಪಸ್ ತೆಗೆದುಕೊಂಡೆ.

ಆದರೆ ನನ್ನ ಪ್ರಶ್ನೆ ಪೂರ್ತಿ ಹೋಗಿಲ್ಲ. ಎಂಜಿನ್ ಸಿಗಲಿಲ್ಲ, ಸಿಗಲಿಲ್ಲ ಅಂತ ಎಲ್ಲರೂ ಹೇಳುತ್ತಿದ್ದೀರಿ. 60 ವರ್ಷ ಆಯಿತು. ಈಗಿನ ನಮ್ಮ ಯುದ್ಧವಿಮಾನ ತೇಜಸ್ ನೋಡಿ. ಮೊದಲ ಹಾರಾಟ 2001ರ ಜನವರಿ 4ರಂದು, ಇದೇ ಎಚ್‌ಎಎಲ್ ರನ್‌ವೇಯಿಂದ. ಅದರಲ್ಲಿ ಇರುವುದು ಅಮೆರಿಕದ ಜಿಇ ಎಫ್404 ಎಂಜಿನ್. ಈಗಲೂ ಎಂಜಿನ್ ತಡವಾಗಿ ಬಂದರೆ ಇಲ್ಲಿ ವಿಮಾನ ಕಟ್ಟಿದ್ದು ಸುಮ್ಮನೆ ನಿಲ್ಲುತ್ತದೆ. ನಮ್ಮದೇ ಕಾವೇರಿ ಎಂಜಿನ್‌ಗೆ 1989ರಲ್ಲಿ ಒಪ್ಪಿಗೆ ಸಿಕ್ಕಿತು, 2008ರಲ್ಲಿ ತೇಜಸ್‌ನಿಂದ ಬೇರೆ ಮಾಡಿದರು. ಚಂದ್ರನ ಮೇಲೆ ಇಳಿದವರಿಗೆ ಇದೊಂದು ಯಾಕೆ ಆಗುತ್ತಿಲ್ಲ?

ಹಾಸನದ_ಹುಡುಗಿ:

ಈ ಪ್ರಶ್ನೆಗೆ ನಾನು ಬರಬಹುದಾ? ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಅದರ ಆ್ಯಂಟೆನಾಗಳನ್ನು ನೋಡಿಕೊಂಡೇ ಬೆಳೆದವಳು. ಈಗ ಮೆಟೀರಿಯಲ್ಸ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ತಪ್ಪಿದ್ದರೆ ಮೇಷ್ಟ್ರು ತಿದ್ದಬೇಕು.

ಚಂದ್ರನವರೆಗೆ ಹೋದ ರಾಕೆಟ್‌ಗಳ ಎಂಜಿನ್ ನಮಗೆ ಹೇಗೆ ಬಂತು ನೋಡಿ. ವಿಕಾಸ್ ಎಂಜಿನ್ ಮೂಲ ಫ್ರಾನ್ಸಿನದು. ಅಲ್ಲಿ ಅದರ ಹೆಸರು ವೈಕಿಂಗ್. 1974ರಲ್ಲಿ ಒಪ್ಪಂದ ಆಯಿತು. ನಾವು ಅದಕ್ಕೆ ದುಡ್ಡಿನ ಬದಲು ದುಡಿಮೆ ಕೊಟ್ಟೆವು. ಇಸ್ರೋ ಎಂಜಿನಿಯರುಗಳು ಫ್ರಾನ್ಸಿನ ವೆರ್ನಾನ್‌ನಲ್ಲಿ ವರ್ಷಗಟ್ಟಲೆ ಅವರ ಎಂಜಿನ್ ಕೆಲಸವನ್ನೇ ಮಾಡಿದರು. ನಂಬಿ ನಾರಾಯಣನ್ ಆ ತಂಡದ ಮುಂದಾಳು. ಕೆಲಸ ಮಾಡುತ್ತಾ ಕಲಿತರು. ಇಲ್ಲಿ ಮಾಡಿದ ಎಂಜಿನ್ 1985ರಲ್ಲಿ ಪರೀಕ್ಷೆ ಗೆದ್ದಿತು. ಒಪ್ಪಂದದಿಂದ ಲೆಕ್ಕ ಹಾಕಿದರೆ 11 ವರ್ಷ. ಅದು ಇವತ್ತಿಗೂ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಇದೆ, ಎಲ್‌ವಿಎಂ-3ರಲ್ಲೂ ಇದೆ.

ಕ್ರಯೋಜೆನಿಕ್ ಎಂಜಿನ್, ಅಂದರೆ ಅತಿ ತಣ್ಣನೆಯ ದ್ರವ ಇಂಧನದಲ್ಲಿ ಉರಿಯುವುದು, ಇನ್ನೂ ಕಷ್ಟದ್ದು. 1991ರಲ್ಲಿ ರಷ್ಯಾದ ಜೊತೆ ಒಪ್ಪಂದ. 1992ರಲ್ಲಿ ಅಮೆರಿಕ ನಿರ್ಬಂಧ ಹಾಕಿತು. ರಷ್ಯಾ ತಂತ್ರಜ್ಞಾನ ಕೊಡುವುದಿಲ್ಲ ಅಂತ ಹಿಂದೆ ಸರಿದು, ತಯಾರಾದ 7 ಎಂಜಿನ್ ಮಾತ್ರ ಕೊಟ್ಟಿತು. ಥೇಟ್ ಮರುತ್ ಥರದ್ದೇ ಪರಿಸ್ಥಿತಿ ಅಲ್ವಾ? ಆದರೆ ಇಲ್ಲಿ ಯಾರೂ ಬಿಡಲಿಲ್ಲ. ಸ್ವಂತ ಎಂಜಿನ್ ಹಾಕಿದ ಮೊದಲ ಜಿಎಸ್‌ಎಲ್‌ವಿ ರಾಕೆಟ್ 2010ರ ಏಪ್ರಿಲ್‌ನಲ್ಲಿ ಹಾರಿ ಸಮುದ್ರಕ್ಕೆ ಬಿತ್ತು. ನಾನು ಆಗ ಪ್ರೈಮರಿಯಲ್ಲಿದ್ದೆ. ನಮ್ಮ ತಾತ ಟಿವಿ ಆಫ್ ಮಾಡಿ ಹೊರಗೆ ಹೋಗಿ ಕೂತಿದ್ದು ನೆನಪಿದೆ. 2014ರ ಜನವರಿ 5ಕ್ಕೆ ಗೆದ್ದಿತು. ಆ ಕಲಿಕೆಯ ಮೇಲೆಯೇ ಮುಂದಿನ ದೊಡ್ಡ ಎಂಜಿನ್ ಬಂತು. 2023ರ ಜುಲೈ 14ರಂದು ಚಂದ್ರಯಾನ-3 ಹೊತ್ತಿದ್ದು ಅದೇ.

ರಾಕೆಟ್‌ಗೆ 20 ವರ್ಷ ಕಾದರು. ಬಿದ್ದ ಮೇಲೂ ಕಾದರು. ಮರುತ್ ಎಂಜಿನ್‌ಗೆ ಆ ತಾಳ್ಮೆ ಸಿಕ್ಕಿದ್ದರೆ? ನನಗೆ ಅನಿಸುವುದು ಇಷ್ಟೇ. ದಾಸ್ ಸರ್ ಹೋದ ಮೇಲೆ ಆ ಕೆಲಸವನ್ನು ಅವರ ಹೆಸರಿನಲ್ಲೇ ಹಿಡಿದು ಮುಗಿಸಬೇಕಿತ್ತು.

ಎಂಜಿನ್_ಮೇಷ್ಟ್ರು:

ತಿದ್ದುವುದು ಏನೂ ಇಲ್ಲಮ್ಮ. ಚೆನ್ನಾಗಿ ಬರೆದಿದ್ದೀಯ. ಒಂದು ವಿಷಯ ಸೇರಿಸುತ್ತೇನೆ. ಇಲ್ಲದಿದ್ದರೆ ಕಾವೇರಿಗಾಗಿ ದುಡಿದವರಿಗೆ ಅನ್ಯಾಯ ಆಗುತ್ತದೆ.

ಕ್ರಯೋಜೆನಿಕ್ ಎಂಜಿನ್ ಒಂದು ಸಲ ಹತ್ತು ಹನ್ನೆರಡು ನಿಮಿಷ ಉರಿದರೆ ಅದರ ಜನ್ಮ ಸಾರ್ಥಕ. ಯುದ್ಧವಿಮಾನದ ಎಂಜಿನ್ ಹಾಗಲ್ಲ. ಸಾವಿರಾರು ಗಂಟೆ ಬದುಕಬೇಕು. ಪೈಲಟ್ ಒಂದು ಕ್ಷಣ ಪೂರ್ತಿ ಬಲ ಕೇಳುತ್ತಾನೆ, ಮರುಕ್ಷಣ ಕಡಿಮೆ ಮಾಡುತ್ತಾನೆ, ತಲೆಕೆಳಗಾಗುತ್ತಾನೆ. ಇದು ದಿನಾ, ವರ್ಷಗಟ್ಟಲೆ. ಒಳಗೆ ಟರ್ಬೈನ್ ಬ್ಲೇಡುಗಳಿಗೆ ಬಡಿಯುವ ಗಾಳಿ ಆ ಬ್ಲೇಡಿನ ಲೋಹ ಕರಗುವ ಬಿಸಿಗಿಂತ ಹೆಚ್ಚು ಬಿಸಿ ಇರುತ್ತದೆ. ಕರಗದೆ ಇರಲು ಬ್ಲೇಡಿನೊಳಗೆ ಕೂದಲೆಳೆಯಂಥ ತೂತುಗಳು. ಅದರಲ್ಲಿ ತಣ್ಣನೆ ಗಾಳಿ ಹರಿಸುತ್ತಾರೆ. ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ, ಜೋಡಣೆಯ ಗೆರೆ ಇದ್ದರೆ ಅಲ್ಲೇ ಬಿರುಕು ಬಿಡುತ್ತದೆ ಅಂತ. ಇದು ಗೊತ್ತಿರುವ ದೇಶಗಳನ್ನು ಬೆರಳಲ್ಲಿ ಎಣಿಸಬಹುದು. ಯಾರೂ ಇನ್ನೊಬ್ಬರಿಗೆ ಹೇಳಿಕೊಡುವುದಿಲ್ಲ. ಕಾವೇರಿ ತೂಕದಲ್ಲಿ ಹೆಚ್ಚಾಯಿತು, ಬಲದಲ್ಲಿ ಕಡಿಮೆ ಬಿತ್ತು. ಆದರೆ ಅದರಲ್ಲಿ ಕಲಿತದ್ದು ಎಲ್ಲೂ ಹೋಗಿಲ್ಲ.

ಸಾಗರದವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಬುದ್ಧಿ ಇತ್ತು, ಕೈಕೆಲಸ ಇತ್ತು. ಹಳಬರ ಅಪ್ಪನಂಥವರು ಮರದಲ್ಲಿ ಜೆಟ್ ಕಟ್ಟಿ ತೋರಿಸಿದರು. ಎಂಜಿನ್‌ಗೆ ಮಾತ್ರ ನಡುನಡುವೆ ನೀರು ನಿಲ್ಲಿಸಿದೆವು. ತೆಂಗಿನ ಸಸಿಗೆ ಎರಡು ವರ್ಷ ನೀರು ಹಾಕಿ ಮೂರನೇ ವರ್ಷ ಬಿಟ್ಟರೆ ಏನಾಗುತ್ತದೆ? ಮತ್ತೆ ಮೊದಲಿನಿಂದ.

ವಿಮಾನಪುರದ_ಹಳಬ:

ಹಾಸನದ ಮಗಳೇ, ನೀನು ಬರೆದ ಕೊನೆಯ ಸಾಲನ್ನು ಎರಡು ಸಲ ಓದಿದೆ. ಎಂಜಿನ್ ಕೆಲಸಕ್ಕೆ ಬಾ. ಬ್ಲೇಡ್ ಎರಕ ಕಲಿ. ನಿಮ್ಮ ತಾತ ಇದ್ದಾರಾ? ಅವರಿಗೆ ನನ್ನ ನಮಸ್ಕಾರ ಹೇಳು.

ಹಾಸನದ_ಹುಡುಗಿ:

ಇದ್ದಾರೆ ತಾತ. ಓದಿ ಹೇಳಿದೆ. ಚಂದ್ರಯಾನ-3 ಇಳಿದ ಸಂಜೆ ಟಿವಿ ಆಫ್ ಮಾಡಲು ಬಿಡಲೇ ಇಲ್ಲ ಅವರು. ನನ್ನ ಪ್ರಾಜೆಕ್ಟ್ ನಿಕ್ಕಲ್ ಮಿಶ್ರಲೋಹದ ಮೇಲೆ. ಟರ್ಬೈನ್ ಬ್ಲೇಡ್ ಮಾಡುವ ಲೋಹವೇ.

ತಿಪ್ಪಸಂದ್ರದವಳು:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಒಂದು ಹೆಸರು ಕೇಳಿದೆ, ನೀವು ಇಷ್ಟೆಲ್ಲ ಕೊಟ್ಟಿರಿ. ಪೂರ್ತಿ ಚರ್ಚೆಯನ್ನು ಮೂರು ರಾತ್ರಿ ಮಗಳಿಗೆ ಓದಿ ಹೇಳಿದೆ. ಮರದ ಗ್ಲೈಡರ್ ಹಗ್ಗ ಬಿಚ್ಚುವ ಭಾಗವನ್ನು ಎರಡು ಸಲ ಓದಿಸಿದಳು.

ಬೆಂಗಳೂರಿನಲ್ಲಿ ಮರುತ್ ಎಲ್ಲಿ ನೋಡಲು ಸಿಗುತ್ತದೆ?

ವಿಮಾನಪುರದ_ಹಳಬ:

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗಡೆ ಒಂದು ಇದೆ. ನಮ್ಮ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲೂ ಇದೆ. ನಿಮಗೆ ಅದೇ ಹತ್ತಿರ. ಹೋದಾಗ ಮಗಳಿಗೆ ರೆಕ್ಕೆಯ ಬುಡದ ಹತ್ತಿರ ನಿಂತು ಸೊಂಟ ನೋಡಲು ಹೇಳಿ. ಹಿಂದಕ್ಕೆ ಹೋಗಿ ಎರಡು ಎಂಜಿನ್ ಕೊಳವೆ ತೋರಿಸಿ.

ತಿಪ್ಪಸಂದ್ರದವಳು:

ಭಾನುವಾರ ಹೋಗಿ ಬಂದೆವು ಸರ್. ಮಗಳು ಸೊಂಟ ತಾನೇ ಗುರುತಿಸಿದಳು. ಮೂಗಿನ ಪಕ್ಕದ ಫಿರಂಗಿ ತೂತು ಎಣಿಸಿದಳು, ಈ ಕಡೆ ಎರಡು, ಆ ಕಡೆ ಎರಡು. ಹಿಂದೆ ಹೋಗಿ ಕೊಳವೆ ಹತ್ತಿರ ತುಂಬಾ ಹೊತ್ತು ನಿಂತಿದ್ದಳು. ವಾಪಸ್ ಬರುವಾಗ ಅದೇ ಸಿಗ್ನಲ್‌ನಲ್ಲಿ ಆಟೋ ನಿಂತಿತು. ಬೋರ್ಡ್ ನೋಡಿ ಡ್ರೈವರ್ ಅಣ್ಣನನ್ನು ಕೇಳಿದಳು, "ಅಂಕಲ್, ಸುರಂಜನ್ ದಾಸ್ ಯಾರು ಗೊತ್ತಾ ನಿಮಗೆ?" ಅವರು ಇಲ್ಲ ಅಂದರು. ಮನೆ ಬರುವ ತನಕ ಹೇಳಿದಳು.